ಶಾಬ್ಲಿ ಬಾಟಲಿ ಮನೆಗೆ ಬಂದಿದೆಯಾ? ತೆರೆಯುವ ಮುಂಚೆ ಇದನ್ನು ಓದಿ

ಫ್ರಾನ್ಸಿನ ಬಿಳಿ ವೈನ್ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಮೂರು. "ಶಾಬ್ಲಿ ಅಂತ ಬರೆದಿರೋ ಬಾಟಲಿ ಉಡುಗೊರೆ ಬಂದಿದೆ, ಸಿಹಿ ಇರುತ್ತಾ?" "ಒಂದಕ್ಕೆ 20 ಯೂರೋ, ಪಕ್ಕದ್ದಕ್ಕೆ 80 ಯೂರೋ. ಎರಡರ ಮೇಲೂ ಶಾಬ್ಲಿ ಅಂತಲೇ ಇದೆ. ಏನು ವ್ಯತ್ಯಾಸ?" "ಜೊತೆಗೆ ಏನು ತಿನ್ನಬೇಕು?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಸಿಹಿ ಇರುವುದಿಲ್ಲ. ಶಾಬ್ಲಿ ಪೂರ್ತಿ ಡ್ರೈ ವೈನ್. ಅಂದರೆ ದ್ರಾಕ್ಷಿಯಲ್ಲಿದ್ದ ಸಕ್ಕರೆ ಹೆಚ್ಚುಕಡಿಮೆ ಎಲ್ಲವೂ ಹುದುಗಿ ಆಲ್ಕೋಹಾಲ್ ಆಗಿರುತ್ತದೆ. ಅದರ ಮುಖ್ಯ ಗುಣ ಹುಳಿ. ಹಾಗಾಗಿ ಊಟದ ವಿಷಯದಲ್ಲಿ ನಾನು ಬಳಸುವ ಸೂತ್ರ ತುಂಬಾ ಸರಳ: ಯಾವ ತಿನಿಸಿನ ಮೇಲೆ ನೀವು ಒಂದು ಹೋಳು ನಿಂಬೆಹಣ್ಣು ಹಿಂಡಿಕೊಳ್ಳುತ್ತೀರೋ, ಅದರ ಜೊತೆ ಶಾಬ್ಲಿ ಹೊಂದುತ್ತದೆ. ಇದನ್ನು ನಿಂಬೆ ಪರೀಕ್ಷೆ ಅಂತ ಕರೆಯೋಣ. ಮುಂದೆ ಊಟದ ಮಾತು ಬಂದಾಗ ಇದೇ ಉಪಯೋಗಕ್ಕೆ ಬರುತ್ತದೆ.

ಒಂದು ಮಾತು. ಕುಡಿಯದವರು ಶುರು ಮಾಡಲಿ ಅಂತ ಇದನ್ನು ಬರೆಯುತ್ತಿಲ್ಲ. ಕಾನೂನಿನ ವಯಸ್ಸಾಗಿರಬೇಕು, ಗಾಡಿ ಓಡಿಸುವವರು ಆ ದಿನ ಮುಟ್ಟಲೇಬಾರದು.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಒಂದು ಬಾಟಲಿ ಶಾಬ್ಲಿ, ಒಂದು ಕಾರ್ಕ್ ಓಪನರ್, ಕಾಂಡವಿರುವ ವೈನ್ ಗ್ಲಾಸು, ಬಕೆಟ್ ಅಥವಾ ಆಳವಾದ ಪಾತ್ರೆ, ಐಸ್. ಅಡುಗೆಯ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ದುಬಾರಿ ಗ್ಲಾಸುಗಳ ಸೆಟ್ಟು, ಗಾಳಿ ತುಂಬುವ ಯಂತ್ರ ಇವೆಲ್ಲ ಸುಮ್ನೆ ಖರ್ಚು.

ಹಂತ 1: ಇದು ಎಲ್ಲಿಯ ವೈನ್, ಯಾಕೆ ಹೀಗಿದೆ ಅಂತ ತಿಳಿದುಕೊಳ್ಳಿ

ಶಾಬ್ಲಿ ಒಂದು ಚಿಕ್ಕ ಊರು. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಉತ್ತರ ತುದಿಯಲ್ಲಿ, ಯೋನ್ ಜಿಲ್ಲೆಯಲ್ಲಿ, ಸೆರ್ಯಾಂ ಅನ್ನುವ ಪುಟ್ಟ ನದಿಯ ದಂಡೆಯ ಮೇಲಿದೆ. ಪ್ಯಾರಿಸ್ಸಿನಿಂದ ಸುಮಾರು 180 ಕಿಲೋಮೀಟರ್. ಬರ್ಗಂಡಿಯ ವೈನ್ ರಾಜಧಾನಿ ಬೋನ್ ಇಲ್ಲಿಂದ ನೂರು ಕಿಲೋಮೀಟರಿಗೂ ದೂರ. ಅದಕ್ಕಿಂತ ಉತ್ತರದ ಶಾಂಪೇನ್ ಸೀಮೆಯ ದಕ್ಷಿಣದ ತೋಟಗಳೇ ಹತ್ತಿರ. ನಕ್ಷೆಯಲ್ಲಿ ಬರ್ಗಂಡಿ ಅಂತಿದ್ದರೂ ಹವೆ ಮಾತ್ರ ಹೆಚ್ಚುಕಡಿಮೆ ಶಾಂಪೇನಿನದೇ.

ದ್ರಾಕ್ಷಿ ಒಂದೇ ಒಂದು, ಶಾರ್ಡನೇ. ಬೇರೆ ತಳಿ ಸೇರಿಸುವಂತಿಲ್ಲ. "ಶಾರ್ಡನೇ ಕುಡಿದಿದ್ದೇನೆ, ಬೆಣ್ಣೆ, ವೆನಿಲಾ ವಾಸನೆ ಬರುತ್ತೆ, ನನಗೆ ಹಿಡಿಸಲ್ಲ" ಅನ್ನುವವರು ಇಲ್ಲಿ ಸ್ವಲ್ಪ ನಿಲ್ಲಿ. ಆ ವೆನಿಲಾ ಬರುವುದು ದ್ರಾಕ್ಷಿಯಿಂದಲ್ಲ, ಹೊಸ ಓಕ್ ಮರದ ಪೀಪಾಯಿಯಿಂದ. ಶಾಬ್ಲಿಯ ಬಹುಪಾಲು ಸ್ಟೀಲ್ ತೊಟ್ಟಿಯಲ್ಲೇ ತಯಾರಾಗುತ್ತದೆ, ಮರ ಸೋಕುವುದೇ ಇಲ್ಲ. ಮೇಲಿನ ದರ್ಜೆಯ ಕೆಲವು ವೈನುಗಳು ಪೀಪಾಯಿಯಲ್ಲಿ ಇರುತ್ತವೆ ನಿಜ. ಆದರೆ ಅವು ಹೆಚ್ಚಾಗಿ ಹಳೆಯ ಪೀಪಾಯಿಗಳು, ಮರದ ವಾಸನೆ ಅಷ್ಟಾಗಿ ಬಿಡುವುದಿಲ್ಲ. ಈ ಊರಿಗೇ ಸೇರಿದ ಒಂದು ಚಿಕ್ಕ ಪೀಪಾಯಿ ಇದೆ, 132 ಲೀಟರಿನದು, ಫೊಯೆತ್ ಅಂತ ಅದರ ಹೆಸರು.

ಇನ್ನು ಹುಳಿ ಎಲ್ಲಿಂದ ಬಂತು? ಚಳಿಯಿಂದ. ತಂಪು ಜಾಗದಲ್ಲಿ ದ್ರಾಕ್ಷಿ ನಿಧಾನವಾಗಿ ಹಣ್ಣಾಗುತ್ತದೆ, ಸಕ್ಕರೆ ಕಡಿಮೆ, ಹುಳಿ ಜಾಸ್ತಿ ಉಳಿಯುತ್ತದೆ. ಹಾಗಾಗಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇಕಡಾ 12ರಿಂದ 13ರ ಒಳಗೇ ಇರುತ್ತದೆ.

ಆ ಚಳಿಯೇ ರೈತನಿಗೆ ಶತ್ರು. ಏಪ್ರಿಲಿನಲ್ಲಿ ಬಳ್ಳಿ ಚಿಗುರುವ ಹೊತ್ತಿಗೆ ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಆ ವರ್ಷದ ಬೆಳೆ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಸಾಲುಗಳ ನಡುವೆ ಪ್ಯಾರಾಫಿನ್ ತುಂಬಿದ ಡಬ್ಬಿಗಳನ್ನು ಹಚ್ಚಿಡುತ್ತಾರೆ. ಕೆಲವು ತೋಟಗಳಲ್ಲಿ ಇನ್ನೂ ವಿಚಿತ್ರವಾದ ಕೆಲಸ ನಡೆಯುತ್ತದೆ: ಮಧ್ಯರಾತ್ರಿಯಿಂದ ಚಿಗುರಿನ ಮೇಲೆ ನೀರು ಚಿಮುಕಿಸುತ್ತಲೇ ಇರುತ್ತಾರೆ. ನೀರು ಮಂಜುಗಡ್ಡೆಯಾಗುವಾಗ ಒಂದಿಷ್ಟು ಶಾಖ ಬಿಡುತ್ತದೆ, ಅಲ್ವಾ? ಆ ಶಾಖದಲ್ಲೇ ಒಳಗಿನ ಚಿಗುರು ಸೊನ್ನೆಯ ಹತ್ತಿರ ಉಳಿದುಕೊಳ್ಳುತ್ತದೆ. ಬೆಳಿಗ್ಗೆ ನೋಡಿದರೆ ಪ್ರತಿ ಮೊಗ್ಗಿನ ಮೇಲೂ ಬೆರಳು ದಪ್ಪದ ಗಾಜಿನಂಥ ಕವಚ, ಒಳಗೆ ಹಸಿರು ಮೊಗ್ಗು ಜೀವಂತ. ನೀರು ನಡುವೆ ನಿಂತರೆ ಮಾತ್ರ ಎಲ್ಲವೂ ತಿರುಗುಮುರುಗು.

ಮಣ್ಣಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಾನೂ ಎರಡು ಮಾತು ಹೇಳಬೇಕು. ಇಲ್ಲಿನ ಒಳ್ಳೆಯ ತೋಟಗಳೆಲ್ಲ ಕಿಮ್ಮೆರಿಜಿಯನ್ ಅನ್ನುವ ಸುಣ್ಣಕಲ್ಲು ಮತ್ತು ಜೇಡಿ ಬೆರೆತ ಮಣ್ಣಿನ ಮೇಲಿವೆ. ಸುಮಾರು 15 ಕೋಟಿ ವರ್ಷದ ಹಿಂದೆ ಇದು ಆಳವಿಲ್ಲದ ಸಮುದ್ರದ ತಳ. ತೋಟದಲ್ಲಿ ಒಂದು ಕಲ್ಲು ಎತ್ತಿಕೊಂಡು ತಿರುಗಿಸಿದರೆ ಉಗುರಿನಷ್ಟು ಚಿಕ್ಕ, ಅಲ್ಪವಿರಾಮದ ಹಾಗೆ ಬಾಗಿದ ಸಿಂಪಿ ಚಿಪ್ಪುಗಳು ಒತ್ತೊತ್ತಾಗಿ ಅಂಟಿರುವುದು ಕಾಣುತ್ತದೆ. ಎಕ್ಸೋಜೈರಾ ವರ್ಗುಲಾ ಅಂತ ಅದರ ಶಾಸ್ತ್ರೀಯ ಹೆಸರು. ಅಂಗಡಿಯವರು "ಈ ಸಮುದ್ರದ ರುಚಿ ನೇರ ವೈನಿಗೆ ಬಂದಿದೆ" ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ತುಂಬುತ್ತದೆ ಅನ್ನುವುದಕ್ಕೆ ವಿಜ್ಞಾನದ ಬೆಂಬಲವಿಲ್ಲ. ಆ ಮಣ್ಣು ನೀರನ್ನು ಹಿಡಿದಿಡುವ, ಬಸಿಯುವ ರೀತಿ ಬಳ್ಳಿಗೆ ಒಪ್ಪುತ್ತದೆ ಅನ್ನುವಷ್ಟು ಹೇಳಬಹುದು. ಬಾಯಲ್ಲಿ ಒದ್ದೆ ಕಲ್ಲು, ಸುಣ್ಣ, ಲಘು ಉಪ್ಪಿನಂಥ ಅನುಭವ ಆಗುವುದು ಮಾತ್ರ ನಿಜ. ಇದನ್ನೇ ವೈನ್ ಜನ ಮಿನರಾಲಿಟಿ ಅನ್ನುವುದು.

ಹಂತ 2: ಲೇಬಲ್ ಓದಿ

ಬೆಲೆಯ ಗುಟ್ಟು ಇರುವುದು ಇಲ್ಲೇ. ಶಾಬ್ಲಿಯಲ್ಲಿ ನಾಲ್ಕು ದರ್ಜೆ. ತಯಾರಿಸುವ ವಿಧಾನ ನೋಡಿ ಕೊಟ್ಟ ದರ್ಜೆ ಅಲ್ಲ, ದ್ರಾಕ್ಷಿ ಯಾವ ಜಾಗದಲ್ಲಿ ಬೆಳೆಯಿತು ಅನ್ನುವುದರ ಮೇಲೆ ಕೊಟ್ಟದ್ದು.

ಪೆತಿ ಶಾಬ್ಲಿ ಕೆಳಗಿನ ದರ್ಜೆ. ಹೆಚ್ಚಾಗಿ ಗುಡ್ಡದ ನೆತ್ತಿಯ ಗಟ್ಟಿ ಸುಣ್ಣಕಲ್ಲಿನ ಮೇಲೆ ಬೆಳೆದದ್ದು. ಹಗುರ, ಚುರುಕು, ನಿಂಬೆ ಮತ್ತು ಹಸಿ ಸೇಬಿನ ವಾಸನೆ. ಎರಡು ವರ್ಷದೊಳಗೆ ಕುಡಿದು ಮುಗಿಸಿ.

ಶಾಬ್ಲಿ, ಬರೀ ಶಾಬ್ಲಿ ಅಂತಷ್ಟೇ ಇರುವುದು, ಉತ್ಪಾದನೆಯ ದೊಡ್ಡ ಪಾಲು. ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ಇದೇ. ಒಳ್ಳೆಯ ತಯಾರಕರ ಸಾದಾ ಶಾಬ್ಲಿ, ಸೋಮಾರಿ ತಯಾರಕರ ದುಬಾರಿ ಬಾಟಲಿಗಿಂತ ಎಷ್ಟೋ ವಾಸಿ.

ಪ್ರಮಿಯೇ ಕ್ರು ಮೂರನೆಯದು. ಇದಕ್ಕೆ 40 ತೋಟದ ಹೆಸರುಗಳಿವೆ, ಆದರೆ ಅಂಗಡಿಯಲ್ಲಿ ಕಾಣುವುದು ಕೆಲವೇ. ನದಿಯ ಬಲದಂಡೆಯ ಫೂರ್ಶೋಮ್, ಮೋಂತೆ ದ ತೊನೇರ್, ಮೋಂ ದ ಮಿಲ್ಯೊ ಸ್ವಲ್ಪ ತುಂಬಿದ ಮೈಯವು. ಎಡದಂಡೆಯ ವಾಯೋಂ, ಮೋಂಮ್ಯಾಂ, ಕೋತ್ ದ ಲೆಶೆ ತೆಳ್ಳಗೆ, ಬಿಗಿಯಾಗಿರುತ್ತವೆ. ಮೋಂತೆ ದ ತೊನೇರ್ ಸಿಕ್ಕರೆ ಬಿಡಬೇಡಿ. ಗ್ರಾಂ ಕ್ರು ಗುಡ್ಡಕ್ಕೆ ಅಂಟಿಕೊಂಡ ಹಾಗೇ ಇದೆ, ಬೆಲೆ ಮಾತ್ರ ಅಷ್ಟಿಲ್ಲ.

ಗ್ರಾಂ ಕ್ರು ತುದಿ. ಊರಿನ ಎದುರಿಗೆ, ನದಿಯಾಚೆ, ನೈಋತ್ಯಕ್ಕೆ ಮುಖ ಮಾಡಿದ ಒಂದೇ ಗುಡ್ಡ. ಒಟ್ಟು ಸುಮಾರು 100 ಹೆಕ್ಟೇರ್ ಅಷ್ಟೇ. ಅದರಲ್ಲಿ ಏಳು ತೋಟ: ಬೂಗ್ರೋ, ಪ್ರೋಜ್, ವೋದೆಜೀರ್, ಗ್ರೆನೂಯ್, ವಾಲ್ಮೂರ್, ಲೆ ಕ್ಲೋ, ಬ್ಲಾಂಶೋ. ಲೆ ಕ್ಲೋ ಎಲ್ಲಕ್ಕಿಂತ ದೊಡ್ಡದು, ಹೆಸರೂ ಅದಕ್ಕೇ ಜಾಸ್ತಿ. ಶಾಬ್ಲಿಯ ಒಟ್ಟು ವೈನಿನಲ್ಲಿ ಗ್ರಾಂ ಕ್ರು ಪಾಲು ಶೇಕಡಾ 1ರ ಆಸುಪಾಸು. ಆ 80 ಯೂರೋ ಬಾಟಲಿಯ ಬೆಲೆಗೆ ಕಾರಣ ಇದು.

ಇಲ್ಲಿ ಜನ ಎಡವುವ ಜಾಗಗಳು ಹಲವು.

"ಗ್ರಾಂ ವ್ಯಾಂ ದ ಬುರ್ಗೋನ್ಯ್" ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ನೋಡಿದ ಕೂಡಲೇ ಗ್ರಾಂ ಕ್ರು ಅಂದುಕೊಂಡು ದುಡ್ಡು ಕೊಡುತ್ತಾರೆ. ಅದು ಬರೀ ಅಲಂಕಾರ, ದರ್ಜೆಯೇ ಅಲ್ಲ. "ಆಪೆಲಾಸ್ಯೋಂ" ಅನ್ನುವ ಪದದ ಜೊತೆ ಏನು ಬರೆದಿದೆ ಅನ್ನುವುದೇ ಕಾನೂನಿನ ಮಾತು. ಆಪೆಲಾಸ್ಯೋಂ ಅಂದರೆ ಇಂಥ ಜಾಗದಲ್ಲಿ, ಇಂಥ ನಿಯಮದಲ್ಲಿ ಮಾಡಿದ್ದು ಅಂತ ಸರ್ಕಾರ ಕೊಟ್ಟ ಹಕ್ಕಿನ ಹೆಸರು. ಶಾಬ್ಲಿಗೆ ಇದು ಸಿಕ್ಕಿದ್ದು 1938ರಲ್ಲಿ, ಪೆತಿ ಶಾಬ್ಲಿಗೆ 1944ರಲ್ಲಿ.

"ವ್ಯೇಯ್ ವಿನ್ಯ್" ಅಂದರೆ ಹಳೆಯ ಬಳ್ಳಿ. ಎಷ್ಟು ವರ್ಷಕ್ಕೆ ಹಳೆಯದು ಅಂತ ಕಾನೂನು ಹೇಳುವುದಿಲ್ಲ. ತಯಾರಕರ ಮೇಲೆ ನಂಬಿಕೆ ಇದ್ದರೆ ಮಾತ್ರ ಆ ಪದಕ್ಕೆ ಬೆಲೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ದೊಡ್ಡ ಜಗ್ಗಿನಲ್ಲೋ ಡಬ್ಬದಲ್ಲೋ "ಕ್ಯಾಲಿಫೋರ್ನಿಯಾ ಶಾಬ್ಲಿ" ಸಿಗುತ್ತದೆ. ಅದಕ್ಕೂ ಈ ಊರಿಗೂ ಸಂಬಂಧವಿಲ್ಲ, ದ್ರಾಕ್ಷಿ ಶಾರ್ಡನೇ ಆಗಿರಬೇಕು ಅಂತಲೂ ಇಲ್ಲ. ಯುರೋಪ್ ಒಕ್ಕೂಟ ಮತ್ತು ಅಮೆರಿಕದ ನಡುವೆ 2006ರಲ್ಲಿ ಒಪ್ಪಂದವಾದರೂ ಅದಕ್ಕೂ ಹಿಂದಿನ ಬ್ರಾಂಡುಗಳಿಗೆ ಆ ಹೆಸರು ಮುಂದುವರಿಸಲು ಬಿಟ್ಟರು. ಲೇಬಲಿನಲ್ಲಿ Chablis ಅಂತಿದ್ದರೂ ಹೇಳುವಾಗ ಕೊನೆಯ ಎಸ್ ಬಿಟ್ಟು ಶಾಬ್ಲಿ ಅನ್ನಿ. ಕೊಳ್ಳುವಾಗ ಲೇಬಲಿನಲ್ಲಿ ಫ್ರಾನ್ಸ್ ಇದೆಯಾ ನೋಡಿ.

ತಯಾರಕರ ಬಗ್ಗೆ: 1923ರಲ್ಲಿ ಶುರುವಾದ ಸಹಕಾರ ಸಂಘ ಲಾ ಶಾಬ್ಲಿಸಿಯೆನ್ ಎಲ್ಲ ದರ್ಜೆಯ ವೈನನ್ನೂ ಮಾಡುತ್ತದೆ, ಬೇರೆ ದೇಶಗಳಲ್ಲೂ ಸುಲಭವಾಗಿ ಸಿಗುತ್ತದೆ. ವಿಲಿಯಂ ಫೆವ್ರ್ ದೊಡ್ಡ ಹೆಸರು. ಮರದ ಸೋಂಕೇ ಬೇಡ ಅನ್ನುವವರಿಗೆ ಲೂಯಿ ಮಿಶೆಲ್ ಇದೆ. ಪೀಪಾಯಿಯಲ್ಲಿ ಮಾಡಿದರೂ ಶಾಬ್ಲಿ ಶಾಬ್ಲಿಯಾಗೇ ಉಳಿಯುತ್ತದೆ ಅಂತ ತೋರಿಸಿದವರು ರಾವೆನೋ ಮತ್ತು ದೋವಿಸಾ. ಆದರೆ ಆ ಎರಡರ ಬೆಲೆ ಕೇಳುವ ಮುಂಚೆ ಕೂತುಕೊಳ್ಳಿ.

ಹಂತ 3: ವರ್ಷ ನೋಡಿ, ಆದರೆ ತಲೆ ಕೆಡಿಸಿಕೊಳ್ಳಬೇಡಿ

ಲೇಬಲಿನ ಮೇಲಿನ ವರ್ಷ ದ್ರಾಕ್ಷಿ ಕೊಯ್ದ ವರ್ಷ. ಸಾದಾ ಶಾಬ್ಲಿಗೆ ಕೊಯ್ಲಿನಿಂದ 2ರಿಂದ 5 ವರ್ಷ ಒಳ್ಳೆಯ ಹೊತ್ತು. ಪ್ರಮಿಯೇ ಕ್ರು 5ರಿಂದ 10, ಗ್ರಾಂ ಕ್ರು 10ರಿಂದ 15 ವರ್ಷ ತಡೆಯುತ್ತದೆ. 2021ರಲ್ಲಿ ಏಪ್ರಿಲ್ ಹಿಮ ಬೆಳೆಯನ್ನು ನುಂಗಿಹಾಕಿತು. ಉಳಿದದ್ದು ಮಾತ್ರ ಹಳೆಯ ಕಾಲದ ಹಾಗೆ ತೆಳ್ಳಗೆ, ಹುಳಿಯಾಗಿದೆ. 2022 ಬಿಸಿಲಿನ ವರ್ಷ, ಹಣ್ಣಿನ ರುಚಿ ಜಾಸ್ತಿ, ಹೊಸಬರಿಗೆ ಸುಲಭ. 2024ರಲ್ಲಿ ಹಿಮ, ಆಲಿಕಲ್ಲು, ಬೂಷ್ಟು ರೋಗ ಮೂರೂ ಸೇರಿ ಬೆಳೆ ಕಡಿಮೆಯಾಯಿತು.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕಪಾಟಿನಲ್ಲಿಟ್ಟು ಹಳೆಯದು ಮಾಡೋಣ ಅಂದುಕೊಂಡಿದ್ದರೆ ಬೇಡ. ವೈನ್ ಚೆನ್ನಾಗಿ ಹಳತಾಗಲು 12ರಿಂದ 14 ಡಿಗ್ರಿಯ ಸ್ಥಿರ ತಂಪು ಬೇಕು. ನಮ್ಮ ಮನೆಗಳಲ್ಲಿ ಏಪ್ರಿಲ್, ಮೇ ತಿಂಗಳು ಮುಗಿಯುವಷ್ಟರಲ್ಲಿ ಅದು ಬೆಂದು ಹೋಗುತ್ತದೆ. ವೈನ್ ಕೂಲರ್ ಇಲ್ಲದವರು ತಂದ ಕೆಲವು ತಿಂಗಳಲ್ಲೇ ತೆರೆಯಿರಿ.

ಊರಿಗೆ ತರುವವರಿಗೆ: ಭಾರತಕ್ಕೆ ಬರುವ ವಯಸ್ಕ ಪ್ರಯಾಣಿಕರಿಗೆ ಸುಂಕವಿಲ್ಲದೆ 2 ಲೀಟರ್ ಮದ್ಯ ತರಲು ಅವಕಾಶವಿದೆ. ಬಾಟಲಿ 750 ಮಿಲಿಲೀಟರ್, ಹಾಗಾಗಿ ಒಬ್ಬರಿಗೆ ಎರಡು. ವಿಮಾನ ನಿಲ್ದಾಣದ ಹೊರಗಿನ ಅಂಗಡಿಯಲ್ಲಿ ಕೊಂಡದ್ದನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಸ್ವೆಟರಿನಲ್ಲಿ ಸುತ್ತಿಡಿ, ಕೈಚೀಲದಲ್ಲಿ ಬಿಡುವುದಿಲ್ಲ. ಮನೆ ಮುಟ್ಟಿದ ದಿನವೇ ತೆರೆಯಬೇಡಿ, ಒಂದು ವಾರ ಸುಮ್ನೆ ಇರಲಿ.

ಹಂತ 4: ತಣ್ಣಗೆ ಮಾಡಿ, ಅತಿಯಾಗಿ ಬೇಡ

ಶಾಬ್ಲಿ ಇಷ್ಟವಾಗಲಿಲ್ಲ ಅಂದವರಲ್ಲಿ ಅರ್ಧ ಜನರ ತೊಂದರೆ ಇದೇ ಅಂತ ನನ್ನ ಅಂದಾಜು. ಫ್ರಿಜ್ಜಿನಿಂದ ತೆಗೆದು ನೇರ ಗ್ಲಾಸಿಗೆ ಸುರಿಯುತ್ತಾರೆ. ಫ್ರಿಜ್ಜಿನ ಒಳಗೆ 4–5 ಡಿಗ್ರಿ ಇರುತ್ತದೆ. ಅಷ್ಟು ತಣ್ಣಗಿದ್ದರೆ ವಾಸನೆ ಏಳುವುದೇ ಇಲ್ಲ, ಬಾಯಿಗೆ ಹುಳಿ ಮಾತ್ರ ಸಿಗುತ್ತದೆ.

ಪೆತಿ ಶಾಬ್ಲಿಗೆ 8–9 ಡಿಗ್ರಿ, ಶಾಬ್ಲಿಗೆ 10–11, ಪ್ರಮಿಯೇ ಕ್ರುಗೆ 11–12, ಗ್ರಾಂ ಕ್ರುಗೆ 12–14. ಥರ್ಮಾಮೀಟರ್ ಇಲ್ಲದಿದ್ದರೆ ಹೀಗೆ ಮಾಡಿ: ಫ್ರಿಜ್ಜಿನಲ್ಲಿದ್ದ ಸಾದಾ ಶಾಬ್ಲಿಯನ್ನು ಊಟಕ್ಕೆ 15 ನಿಮಿಷ ಮುಂಚೆ ಹೊರಗಿಡಿ. ಗ್ರಾಂ ಕ್ರು ಆದರೆ ಅರ್ಧ ಗಂಟೆ. ಕೋಣೆಯಲ್ಲೇ ಇದ್ದ ಬಾಟಲಿಯಾದರೆ ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು ಹಾಕಿ ಕುತ್ತಿಗೆಯವರೆಗೆ ಮುಳುಗಿಸಿ, 20 ನಿಮಿಷ ಸಾಕು. ಬರೀ ಐಸ್ ಹಾಕಿದರೆ ಆಗುವುದಿಲ್ಲ. ಐಸ್ ತುಂಡುಗಳ ನಡುವೆ ಗಾಳಿ ಇರುತ್ತದೆ, ನೀರಿದ್ದರೇ ಬಾಟಲಿಯ ಮೈಗೆಲ್ಲ ತಂಪು ತಗಲುವುದು. ಫ್ರೀಜರಿನಲ್ಲಿ ಇಟ್ಟು ಮರೆತರೆ ಕಾರ್ಕ್ ಹೊರಗೆ ತಳ್ಳುತ್ತದೆ, ಬಾಟಲಿ ಒಡೆಯಲೂಬಹುದು. ಗ್ಲಾಸಿಗೆ ಐಸ್ ಹಾಕುವ ಅಭ್ಯಾಸ ಇದ್ದರೆ ಈ ವೈನಿಗೆ ಮಾತ್ರ ದಯವಿಟ್ಟು ಬೇಡ.

ಹಂತ 5: ತೆರೆಯಿರಿ, ಮೂಸಿ, ರುಚಿ ನೋಡಿ

ಕಾರ್ಕ್ ತೆಗೆದಾಗ ಅದರ ಒಳತುದಿಯಲ್ಲಿ ಸಣ್ಣ ಸಣ್ಣ ಹರಳು ಅಂಟಿರಬಹುದು, ಬಾಟಲಿಯ ತಳದಲ್ಲೂ ಇರಬಹುದು. ಗಾಜಿನ ಚೂರು ಅಂತ ಹೆದರಿ ಚೆಲ್ಲಿದವರಿದ್ದಾರೆ. ಅದು ಗಾಜಲ್ಲ, ಸಕ್ಕರೆಯೂ ಅಲ್ಲ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲ ತಂಪಿಗೆ ಹರಳುಗಟ್ಟಿದ್ದು. ತಿಂದರೂ ಏನೂ ಆಗುವುದಿಲ್ಲ. ಮೆಲ್ಲಗೆ ಸುರಿದರೆ ತಳದಲ್ಲೇ ಉಳಿಯುತ್ತದೆ.

ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ತುಂಬಿಸಿ. ಕಾಂಡ ಹಿಡಿದು ಬಿಳಿ ಕಾಗದದ ಮೇಲೆ ವಾಲಿಸಿ ಬಣ್ಣ ನೋಡಿ. ಎಳೆಯ ಶಾಬ್ಲಿ ತಿಳಿ ಹಳದಿ, ಅಂಚಿನಲ್ಲಿ ಹಸಿರು ಛಾಯೆ. ವರ್ಷ ಕಳೆದಂತೆ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಈಗ ಗ್ಲಾಸನ್ನು ತಿರುಗಿಸಿ, ಮೂಸಿ. ನಿಂಬೆ ಸಿಪ್ಪೆ, ಹಸಿರು ಸೇಬು, ಬಿಳಿ ಹೂವು, ಮೊದಲ ಮಳೆ ಬಿದ್ದ ಕಲ್ಲು, ಕೆಲವೊಮ್ಮೆ ಕಿಡಿ ಹಾರಿಸಿದ ಬೆಣಚುಕಲ್ಲು. ಹಳೆಯ ಪ್ರಮಿಯೇ ಕ್ರು, ಗ್ರಾಂ ಕ್ರು ಆದರೆ ಜೇನು, ಬಾದಾಮಿ, ಅಣಬೆ. ಇವೆಲ್ಲ ಸಿಗಲೇಬೇಕು ಅಂತಿಲ್ಲ. ಸಿಗದಿದ್ದರೆ ನಿಮ್ಮ ಮೂಗಿನ ತಪ್ಪಲ್ಲ.

ಗುಟುಕು ಬಾಯಲ್ಲಿ ಐದು ಸೆಕೆಂಡ್ ಇರಲಿ. ನಾಲಿಗೆಯ ಎರಡೂ ಬದಿಯಲ್ಲಿ ಜೊಲ್ಲು ಒಸರುತ್ತದೆ. ಹುಳಿಯ ಕೆಲಸ ಅದು. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತದೆ ಗಮನಿಸಿ. ಸಾದಾ ಶಾಬ್ಲಿ ಚೊಕ್ಕವಾಗಿ ಬೇಗ ಮುಗಿಯುತ್ತದೆ, ಗ್ರಾಂ ಕ್ರು ತುಂಬಾ ಹೊತ್ತು ಬಿಡುವುದಿಲ್ಲ. ದರ್ಜೆಯ ವ್ಯತ್ಯಾಸ ನಿಜವಾಗಿ ಗೊತ್ತಾಗುವುದು ಇಲ್ಲೇ.

ಬೆಣ್ಣೆಯ ನುಣುಪು ಸ್ವಲ್ಪ ಕಂಡರೆ ಅದಕ್ಕೂ ಕಾರಣವಿದೆ. ಮಾಲೋಲ್ಯಾಕ್ಟಿಕ್ ಹುದುಗುವಿಕೆ ಅನ್ನುತ್ತಾರೆ: ಹಸಿ ಸೇಬಿನಲ್ಲಿರುವ ಚೂಪು ಹುಳಿಯನ್ನು ಬ್ಯಾಕ್ಟೀರಿಯಾ ಮೊಸರಿನಲ್ಲಿರುವ ಮೆತ್ತನೆಯ ಹುಳಿಯಾಗಿ ಬದಲಾಯಿಸುತ್ತದೆ. ಶಾಬ್ಲಿಯಲ್ಲೂ ಬಹುತೇಕ ಎಲ್ಲರೂ ಇದನ್ನು ಆಗಗೊಡುತ್ತಾರೆ. ಇಲ್ಲದಿದ್ದರೆ ಹಲ್ಲು ಚುಳ್ಳೆನ್ನುತ್ತಿತ್ತು.

ಕೆಟ್ಟ ಬಾಟಲಿ ಗುರುತಿಸುವುದು ಹೇಗೆ? ಒದ್ದೆ ರಟ್ಟು, ಮಳೆಗಾಲದ ಹಳೆ ಪೇಪರ್ ಕಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ. ಎಷ್ಟು ಹೊತ್ತು ಬಿಟ್ಟರೂ ಹೋಗುವುದಿಲ್ಲ. ಹೋಟೆಲಿನಲ್ಲಾದರೆ ವಾಪಸ್ ಕೊಡಿ, ಸಂಕೋಚ ಬೇಡ. ಬಣ್ಣ ಕಂದು, ಕೊಯ್ದಿಟ್ಟು ಕಪ್ಪಾದ ಸೇಬಿನ ವಾಸನೆ ಬಂದರೆ ಗಾಳಿ ಸೇರಿ ಹಾಳಾಗಿದೆ. ಬೆಂಕಿಕಡ್ಡಿ ಗೀರಿದ ವಾಸನೆ ಮಾತ್ರ ಬಂದರೆ ಹತ್ತು ನಿಮಿಷ ಕಾಯಿರಿ, ಸಾಮಾನ್ಯವಾಗಿ ಹಾರಿಹೋಗುತ್ತದೆ.

ಸಸ್ಯಾಹಾರಿ ಓದುಗರು ಕೇಳುವ ಪ್ರಶ್ನೆ ಒಂದಿದೆ. ವೈನ್ ತಿಳಿಯಾಗಿಸಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್ ಅಥವಾ ಮೀನಿನಿಂದ ತೆಗೆದ ಅಂಟು ಬಳಸುತ್ತಾರೆ. ಬೆಂಟೋನೈಟ್ ಅನ್ನುವ ಜೇಡಿ ಬಳಸುವವರೂ ಇದ್ದಾರೆ. ನಿಮಗೆ ಇದು ಮುಖ್ಯವಾದರೆ ವೀಗನ್ ಅಂತ ಬರೆದ ಬಾಟಲಿ ಹುಡುಕಿ.

ಹಂತ 6: ಊಟದ ಜೊತೆ ಕೂರಿಸಿ

ಈಗ ನಿಂಬೆ ಪರೀಕ್ಷೆ. ಶಾಬ್ಲಿಯ ಹುಳಿ ಮೂರು ಕೆಲಸ ಮಾಡುತ್ತದೆ. ಜಿಡ್ಡು ಕತ್ತರಿಸುತ್ತದೆ, ಉಪ್ಪಿಗೆ ಜೊತೆ ಕೊಡುತ್ತದೆ, ಮೀನಿನ ವಾಸನೆ ತಗ್ಗಿಸುತ್ತದೆ. ನಿಂಬೆ ಮಾಡುವುದೂ ಇದೇ ಅಲ್ವಾ?

ಫ್ರಾನ್ಸಿನಲ್ಲಿ ಎಲ್ಲರೂ ಮೊದಲು ಹೇಳುವುದು ಹಸಿ ಸಿಂಪಿ. ಬ್ರಿಟನಿಯ ಕಾಂಕಾಲ್ ಊರಿನದೋ, ಅಟ್ಲಾಂಟಿಕ್ ಕರಾವಳಿಯ ಮಾರೆನ್ ಕಡೆಯದೋ, ಐಸಿನ ಮೇಲೆ ಜೋಡಿಸಿ ತರುತ್ತಾರೆ. ಸಿಂಪಿಯ ಉಪ್ಪುನೀರಿಗೆ ಪೆತಿ ಶಾಬ್ಲಿ ಅಥವಾ ಎಳೆಯ ಸಾದಾ ಶಾಬ್ಲಿಯೇ ಸರಿ. ಗ್ರಾಂ ಕ್ರು ಇಲ್ಲಿ ದಂಡ, ಅದರ ಮೈಕಟ್ಟು ಸಿಂಪಿಗೆ ಭಾರವಾಗುತ್ತದೆ. ಒಂದು ಎಚ್ಚರ: ತಟ್ಟೆಯ ಜೊತೆ ಸಣ್ಣ ಈರುಳ್ಳಿ ಹಾಕಿದ ವಿನಿಗರ್ ಬಟ್ಟಲು ಬರುತ್ತದೆ. ಅದನ್ನು ಸುರಿದುಕೊಂಡರೆ ವೈನ್ ಚಪ್ಪೆ. ಎರಡು ಹನಿ ನಿಂಬೆ, ಅಥವಾ ಏನೂ ಬೇಡ.

ಬರ್ಗಂಡಿಯವರ ಬಸವನಹುಳು ಖಾದ್ಯ ಕೇಳಿರಬಹುದು. ಹೆಸರು ಕೇಳಿ ಮುಖ ಕಿವುಚುವವರಿಗೆ ಹೇಳುತ್ತೇನೆ, ಅದರ ಮುಕ್ಕಾಲು ರುಚಿ ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು ಹಾಕಿದ ಬೆಣ್ಣೆಯದು. ಆ ಜಿಡ್ಡಿಗೆ ಈ ಹುಳಿ ಹೇಳಿ ಮಾಡಿಸಿದ ಜೋಡಿ. ಊರಿನ ಇನ್ನೆರಡು ಖಾದ್ಯ ಅಂದರೆ ಆಂದುಯೆತ್ ಅನ್ನುವ ಹಂದಿ ಕರುಳಿನ ಸಾಸೇಜು, ಮತ್ತು ಟೊಮ್ಯಾಟೊ, ಕ್ರೀಮು, ಶಾಬ್ಲಿ ಸೇರಿಸಿದ ಸಾರಿನಲ್ಲಿ ಬೇಯಿಸಿದ ಹ್ಯಾಮ್. ಆಂದುಯೆತ್ ವಾಸನೆ ಎಲ್ಲರಿಗೂ ಅಲ್ಲ.

ಮೀನಿನಲ್ಲಿ ಬೆಣ್ಣೆ ನಿಂಬೆಯಲ್ಲಿ ಹುರಿದ ಸೋಲ್ ಮೀನು, ಆವಿಯಲ್ಲಿ ಬೆಂದ ಟ್ರೌಟ್ ಇವಕ್ಕೆ ಸಾದಾ ಶಾಬ್ಲಿ. ಬೆಣ್ಣೆಯಲ್ಲಿ ಎರಡು ಬದಿ ಕೆಂಪಾಗಿಸಿದ ಸ್ಕ್ಯಾಲಪ್‌ಗೆ ಪ್ರಮಿಯೇ ಕ್ರು. ಲಾಬ್‌ಸ್ಟರ್, ಕ್ರೀಮಿನಲ್ಲಿ ಅಣಬೆ ಹಾಕಿದ ಕೋಳಿ ಇವು ಬಂದಾಗ ಗ್ರಾಂ ಕ್ರು ತೆರೆಯಿರಿ. ತಟ್ಟೆ ಭಾರವಾದಷ್ಟೂ ದರ್ಜೆ ಏರಿಸಿ, ಅಷ್ಟೇ ಲೆಕ್ಕ.

ಸಸ್ಯಾಹಾರಿಗಳಿಗೂ ಕಡಿಮೆ ಇಲ್ಲ. ಗುಜೇರ್ ಅಂತ ಚೀಸ್ ಸೇರಿಸಿ ಉಬ್ಬಿಸಿದ ಚಿಕ್ಕ ಉಂಡೆ ಬರ್ಗಂಡಿಯ ಎಲ್ಲ ಬೇಕರಿಯಲ್ಲೂ ಸಿಗುತ್ತದೆ (ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ಗಮನಿಸಿ). ಮೇಕೆ ಹಾಲಿನ ಚೀಸ್, ಪಕ್ಕದ ಸೀಮೆಯ ಮೆತ್ತನೆಯ ಶಾವುರ್ಸ್ ಚೀಸ್, ಹಳೆಯ ಕೋಂತೆ ಚೀಸ್ ಎಲ್ಲವೂ ಸರಿ. ಆಸ್ಪರಾಗಸ್ ಬಹಳಷ್ಟು ವೈನುಗಳ ಜೊತೆ ಜಗಳವಾಡುತ್ತದೆ, ಶಾಬ್ಲಿ ಜೊತೆ ಪರವಾಗಿಲ್ಲ. ಅಣಬೆ ರಿಸೊಟ್ಟೊಗೆ ಸ್ವಲ್ಪ ವಯಸ್ಸಾದ ಪ್ರಮಿಯೇ ಕ್ರು ಸಿಕ್ಕರೆ ಇನ್ನೂ ಚೆನ್ನ.

ನಮ್ಮ ಅಡುಗೆ? ಪತ್ರ ಬರೆಯುವವರೆಲ್ಲ ಕೊನೆಗೆ ಇಲ್ಲಿಗೇ ಬರುತ್ತಾರೆ. ನೇರವಾಗಿ ಹೇಳುತ್ತೇನೆ, ಖಾರದ ಮುಂದೆ ಶಾಬ್ಲಿ ಸೋಲುತ್ತದೆ. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಇನ್ನೂ ಏರಿಸುತ್ತದೆ, ಹಣ್ಣಿನ ರುಚಿ ಮಾಯವಾಗಿ ಬರೀ ಹುಳಿ ಉಳಿಯುತ್ತದೆ. ಘೀ ರೋಸ್ಟ್, ಕೋರಿ ಗಸಿ, ಬಿಸಿಬೇಳೆಬಾತ್ ಇವುಗಳ ಜೊತೆ ಬೇಡವೇ ಬೇಡ. ಹುಣಸೆಹುಳಿಯ ಸಾರು, ಗೊಜ್ಜು ಕೂಡ ಆಗುವುದಿಲ್ಲ. ತಟ್ಟೆಯಲ್ಲಿ ವೈನಿಗಿಂತ ಹುಳಿ ಜಾಸ್ತಿ ಇದ್ದರೆ ವೈನ್ ನೀರಿನ ಹಾಗೆ ಅನ್ನಿಸುತ್ತದೆ. ಸಿಹಿತಿಂಡಿಗೂ ಕೊಡಬೇಡಿ, ಒಬ್ಬಟ್ಟಿನ ಮುಂದೆ ಒಳ್ಳೆಯ ಶಾಬ್ಲಿಯೂ ಕಹಿಯಾಗುತ್ತದೆ.

ಹೊಂದುವುದು ಯಾವುದು? ಹೆಸರುಬೇಳೆ ಕೋಸಂಬರಿ, ಹಸಿಮೆಣಸು ಕಡಿಮೆ ಮಾಡಿ. ನಿಂಬೆ, ಸೌತೆ, ತೆಂಗು ಇರುವ ಆ ತಣ್ಣನೆಯ ತಿನಿಸು ಪೆತಿ ಶಾಬ್ಲಿಗೆ ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ ಒಮ್ಮೆ ಮಾಡಿ ನೋಡಿ. ಕಾಣೆ ಮೀನಿನ ರವಾ ಫ್ರೈ, ಮಸಾಲೆಯಲ್ಲಿ ಕೆಂಪು ಖಾರ ಅರ್ಧಕ್ಕಿಳಿಸಿ, ಅರಿಶಿನ, ಉಪ್ಪು, ಕಾಳುಮೆಣಸು ಜಾಸ್ತಿ ಮಾಡಿದರೆ ಸಾದಾ ಶಾಬ್ಲಿಗೆ ಸೊಗಸು. ಮಂಗಳೂರು ಹೋಟೆಲುಗಳ ಬೆಣ್ಣೆ ಬೆಳ್ಳುಳ್ಳಿ ಸಿಗಡಿ ಇದೆಯಲ್ಲ, ಅದಕ್ಕೆ ಪ್ರಮಿಯೇ ಕ್ರು ತೆರೆದರೂ ನಷ್ಟವಿಲ್ಲ. ತೆಂಗಿನಹಾಲಿನ ತಿಳಿ ಸ್ಟ್ಯೂ ಪರವಾಗಿಲ್ಲ. ಸುಶಿ ತಿನ್ನುವವರು ಸೋಯಾ ಸಾಸ್ ಮತ್ತು ವಸಾಬಿಯಲ್ಲಿ ಕೈ ಹಿಡಿದರೆ ಅದೂ ಒಳ್ಳೆಯ ಜೋಡಿ.

ಅತಿಥಿಗಳಿಗೆ ಬಡಿಸುವ ದಿನವೇ ಹೊಸ ಜೋಡಿ ಪ್ರಯೋಗ ಮಾಡಬೇಡಿ. ಒಂದು ತುತ್ತು ತಿಂದು, ಒಂದು ಗುಟುಕು ಕುಡಿದು, ಮತ್ತೆ ಒಂದು ತುತ್ತು ತಿನ್ನಿ. ಎರಡನೇ ತುತ್ತು ಮೊದಲನೆಯದಕ್ಕಿಂತ ರುಚಿ ಅನ್ನಿಸಿದರೆ ಜೋಡಿ ಸರಿ.

ಹಂತ 7: ಉಳಿದದ್ದು

ಅದೇ ಕಾರ್ಕ್ ಒತ್ತಿ, ನೆಟ್ಟಗೆ ನಿಲ್ಲಿಸಿ, ಫ್ರಿಜ್ಜಿನಲ್ಲಿಡಿ. ಎರಡು ಮೂರು ದಿನ ಚೆನ್ನಾಗಿರುತ್ತದೆ. ಎಳೆಯ ಗ್ರಾಂ ಕ್ರು ಮೊದಲ ದಿನಕ್ಕಿಂತ ಎರಡನೇ ದಿನ ಬಿಚ್ಚಿಕೊಳ್ಳುವುದೂ ಉಂಟು.

ಅದಕ್ಕಿಂತ ಹಳತಾದರೆ ಅಡುಗೆಗೆ ಬಳಸಿ. ಆ ಹ್ಯಾಮಿನ ಸಾರನ್ನೇ ಅಣಬೆಗೆ ಮಾಡಿಕೊಳ್ಳಬಹುದು: ಸಣ್ಣ ಈರುಳ್ಳಿಯನ್ನು ಬೆಣ್ಣೆಯಲ್ಲಿ ಬಾಡಿಸಿ, ಒಂದು ಲೋಟ ಶಾಬ್ಲಿ ಹಾಕಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಒಂದು ಚಮಚ ಟೊಮ್ಯಾಟೊ ಪೇಸ್ಟ್ ಸೇರಿಸಿ, ಉರಿ ಸಣ್ಣ ಮಾಡಿ ಆಮೇಲೆ ಕ್ರೀಮ್ ಹಾಕಿ. ವೈನ್ ಬತ್ತುವ ಮುಂಚೆ ಕ್ರೀಮ್ ಹಾಕಿದರೆ ಒಡೆಯುತ್ತದೆ.